ಮಸ್ಕಿಗೆ ಹೊಸದಾಗಿ ಬರುವ ಶಿಕ್ಷಕರಿಗೆ ಒಂದು ಖಾನಾವಳಿ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಬಸ್ ನಿಲ್ದಾಣದಿಂದ ಐದಾರು ನಿಮಿಷ ನಡೆದರೆ ಸಿಗುವ ಓಣಿಯೊಂದರ ತಿರುವಿನಲ್ಲಿ, ತಗಡಿನ ಚಪ್ಪರದ ಕೆಳಗೆ ‘ಲಿಂಗಾಯತ ಖಾನಾವಳಿ’ ಎಂದಷ್ಟೇ ಬರೆದ ಒಂದು ಊಟದ ಮನೆಯಿದೆ. ಬೋರ್ಡಿನ ಮೇಲೆ ನಡೆಸುವವರ ಹೆಸರಿಲ್ಲ. ಬಣ್ಣವೂ ಅರ್ಧ ಹಾರಿಹೋಗಿದೆ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ವಾರಕ್ಕೆ ಆರು ದಿನ ಅಲ್ಲಿ ಉಂಡವಳಾಗಿ, ಅದರ ಊಟ, ಬೆಲೆ, ಕೊರತೆಗಳನ್ನೆಲ್ಲ ಒಮ್ಮೆ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈ ಭಾಗಕ್ಕೆ ಹೊಸದಾಗಿ ಕೆಲಸಕ್ಕೆ ಬರುವ ಶಿಕ್ಷಕ, ಶಿಕ್ಷಕಿಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೀಗಾಗಿ ಊಟದ ರುಚಿಗಿಂತ ಮೊದಲು, ನಾನು ಆ ಬಾಗಿಲಿಗೆ ಬಂದು ನಿಂತ ದಿನದ ಬಗ್ಗೆ ಹೇಳಬೇಕಾಗುತ್ತದೆ.

ನನ್ನ ಊರು ಮಂಡ್ಯ ಜಿಲ್ಲೆಯ ಮಳವಳ್ಳಿಯ ಕಡೆ. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ನಾನೂ ಪರೀಕ್ಷೆ ಬರೆದಿದ್ದೆ. ಆಯ್ಕೆಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ, ಇಳಿದು, ಆದೇಶ ನಮ್ಮ ಕೈಸೇರುವಷ್ಟರಲ್ಲಿ 2023ರ ಕೊನೆ ಬಂದಿತ್ತು. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದಲ್ಲಿ ‘ಸಿ’ ವೃಂದದ ಹುದ್ದೆಗಳ ಪೈಕಿ ಶೇ 80ರಷ್ಟು ಅಲ್ಲಿನವರಿಗೇ ಮೀಸಲು, ಅದು ನ್ಯಾಯವೂ ಹೌದು. ಉಳಿದ ಪಾಲಿನಲ್ಲಿ ನನಗೊಂದು ಜಾಗ ಸಿಕ್ಕಿತು. ಮಸ್ಕಿ ಎಂಬ ಹೆಸರು ಅಲ್ಲಿಯವರೆಗೆ ನನಗೆ ಒಂದು ಅಂಕದ ಪ್ರಶ್ನೆಯ ಉತ್ತರ ಮಾತ್ರವಾಗಿತ್ತು: 1915ರಲ್ಲಿ ಪತ್ತೆಯಾದ, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೇ ಹೊತ್ತಿರುವ ಶಿಲಾಶಾಸನ ಎಲ್ಲಿದೆ? ಆ ಊರಿನಲ್ಲಿ ಮನೆಗಳಿರುತ್ತವೆ, ಓಣಿಗಳಿರುತ್ತವೆ, ಅಲ್ಲಿ ನನಗೊಂದು ಕೋಣೆ ಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ.

ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು, ಸಿಂಧನೂರು ದಾಟಿ, ಬೆಳಗಿನ ಜಾವ ಇಳಿದಾಗ ನನ್ನ ಬಳಿ ಒಂದು ಸೂಟ್‌ಕೇಸ್, ಒಂದು ಕಡತ ಮತ್ತು ಅಮ್ಮ ಕಟ್ಟಿಕೊಟ್ಟ ಚಕ್ಕುಲಿಯ ಡಬ್ಬ ಇದ್ದವು. ಮುಖ ತೊಳೆದು ಸೀರೆ ಬದಲಿಸಲೆಂದು ಹಿಡಿದ ವಸತಿಗೃಹದ ಕೋಣೆಯಲ್ಲಿ ನಲ್ಲಿಯ ನೀರು ಬರಲಿಲ್ಲ, ಕರೆಂಟೂ ಹೋಗಿತ್ತು. ಸೇರ್ಪಡೆ ವರದಿಯನ್ನು ನಾಲ್ಕು ಪ್ರತಿಗಳಲ್ಲಿ ಕೊಡಬೇಕೆಂದು ಕಚೇರಿಯಲ್ಲಿ ಹೇಳಿದಾಗ, ಅದೇ ಕಾರಣಕ್ಕೆ ಜೆರಾಕ್ಸ್ ಅಂಗಡಿಯವರು ಕೈಚೆಲ್ಲಿ ಕುಳಿತಿದ್ದರು. ಕರೆಂಟು ಬಂದು ಪ್ರತಿ ತೆಗೆಸಿಕೊಂಡು ನಾನು ಶಾಲೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಪೂರ್ವಾಹ್ನಕ್ಕೆ ಹಾಜರಾಗಿಲ್ಲವೆಂದೂ, ಆದೇಶದ ಪ್ರತಿ ಮೇಲಿನಿಂದ ಇನ್ನೂ ಬಂದಿಲ್ಲವೆಂದೂ ಹೇಳಿ, ಆ ದಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆಯಲಿಲ್ಲ. ಅದು ನಿಯಮದ ಮಾತು, ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಎರಡು ವರ್ಷ ಕಾದು ಪಡೆದ ಕೆಲಸದ ಮೊದಲ ದಿನ, ಆ ಉದ್ದನೆಯ ಪುಸ್ತಕದ ಕೊನೆಯ ಸಾಲಿನ ಕೆಳಗಿದ್ದ ಖಾಲಿ ಗೆರೆಗಳನ್ನು ನೋಡುತ್ತ ನಿಂತಾಗ ಗಂಟಲು ಕಟ್ಟಿದ್ದು ನಿಜ.

ಹೆಸರು ಬರೆಯದಿದ್ದರೂ ತರಗತಿಗೆ ಕಳುಹಿಸಿದರು. ಶಿಕ್ಷಕರೊಬ್ಬರು ರಜೆಯಲ್ಲಿದ್ದುದರಿಂದ ಆರು ಮತ್ತು ಏಳನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಮಕ್ಕಳೆಲ್ಲ ಎದ್ದು ನಿಂತು “ನಮಸ್ಕಾರ್ರೀ ಅಕ್ಕೋರ” ಎಂದಾಗ, ನಮ್ಮ ಕಡೆ ಮಿಸ್ ಅಥವಾ ಟೀಚರ್ ಎಂದು ಕರೆಸಿಕೊಂಡು ಅಭ್ಯಾಸವಿದ್ದ ನನಗೆ, ಅದು ಅಕ್ಕ ಎಂಬ ಸಲಿಗೆಯೋ ಗೌರವವೋ ತಿಳಿಯಲಿಲ್ಲ. “ಕೂತ್ಕಳಿ” ಎಂದೆ. ಹಿಂದಿನ ಸಾಲಿನಿಂದ ನಗು ಎದ್ದಿತು, ಮುಂದಿನ ಸಾಲಿಗೂ ಹರಡಿತು. ಒಬ್ಬ ಹುಡುಗ ಬಂದು “ಅಕ್ಕೋರ, ಇವ ನನಗ ಬೈಯಾಕತ್ತಾನ್ರಿ” ಎಂದು ದೂರಿದ್ದನ್ನು ನಾನು ಮೂರು ಸಲ ಕೇಳಿಸಿಕೊಳ್ಳಬೇಕಾಯಿತು. ಮೂರನೆಯ ಸಲ ಹೇಳುವಾಗ ಅವನಿಗೇ ದೂರಿನ ಮೇಲಿನ ಆಸಕ್ತಿ ಹೋಗಿತ್ತು. ‘ಸೂಟಿ’ ಎಂದರೆ ರಜೆ, ‘ನಿಂದ್ರು’ ಎಂದರೆ ನಿಲ್ಲು, ‘ಸಾಲಿ’ ಎಂದರೆ ಶಾಲೆ. ಇವೆಲ್ಲ ಕನ್ನಡವೇ, ನಾನು ಕನ್ನಡದಲ್ಲೇ ಓದಿದವಳು, ಆದರೂ ನಾಲ್ಕು ಗೋಡೆಗಳ ನಡುವೆ ಭಾಷೆ ಬಾರದವಳಂತೆ ನಿಂತಿದ್ದೆ. ಸಂಜೆ ಮುಖ್ಯೋಪಾಧ್ಯಾಯರು “ಖೋಲಿಗೆ ಕೀಲಿ ಹಾಕಿ ಬರ್ರಿ” ಎಂದಾಗ, ಕೀಲಿ ಎಂದರೆ ಇಲ್ಲಿ ಬೀಗವೆಂದು ತಿಳಿಯದೆ ಬಾಗಿಲ ಬಳಿಯೇ ನಿಂತಿದ್ದವಳನ್ನು ನೋಡಿ, ಒಂದು ಪುಟ್ಟ ಹುಡುಗಿ ಏನೂ ಮಾತನಾಡದೆ ನನ್ನ ಕೈಯಿಂದ ಬೀಗ ತೆಗೆದುಕೊಂಡು ಹಾಕಿಕೊಟ್ಟಳು.

ಆ ದಿನ ಬೆಳಗ್ಗೆಯಿಂದ ನಾನು ತಿಂದದ್ದು ಎರಡು ಚಕ್ಕುಲಿ. ಶಾಲೆಯಲ್ಲಿ ಬಿಸಿಯೂಟವಿತ್ತು, 2002ರಲ್ಲಿ ಅಕ್ಷರ ದಾಸೋಹ ಮೊಟ್ಟಮೊದಲು ಆರಂಭವಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆದರೆ ಹಾಜರಿಯಲ್ಲೇ ಹೆಸರಿಲ್ಲದವಳು ತಟ್ಟೆ ಹಿಡಿದು ಹೋಗುವುದು ಹೇಗೆಂಬ ಸಂಕೋಚದಲ್ಲಿ ಹೋಗಲಿಲ್ಲ. ಸಂಜೆ ಬಾಡಿಗೆ ಕೋಣೆ ಹುಡುಕುತ್ತ ತಿರುಗಿದೆ. ಒಂಟಿ ಹೆಣ್ಣುಮಗಳೆಂದು ಇಬ್ಬರು ಹಿಂದೆಗೆದರು. ಮತ್ತೊಬ್ಬರು ಮನೆಯವರು ಊರಿಂದ ಬಂದ ಮೇಲೆ ನೋಡೋಣ ಎಂದರು. ಮೊಬೈಲ್ ಮಧ್ಯಾಹ್ನವೇ ಸತ್ತಿತ್ತು. ರಾತ್ರಿ ಎಂಟೂವರೆಯ ಹೊತ್ತಿಗೆ ಖಾನಾವಳಿಯ ಮುಂದೆ ಬಂದಾಗ ಒಳಗೆ ಒಬ್ಬ ಹುಡುಗ ಬೆಂಚುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಲಾರಿ ಚಾಲಕರಿಬ್ಬರು ಕೈತೊಳೆದು ಹೊರಬರುತ್ತಿದ್ದರು. ಬಾಗಿಲಲ್ಲಿ ಕಾಲಿಡುವುದೋ ಹಿಂತಿರುಗುವುದೋ ಎಂದು ನಾನು ನಿಂತಿರುವಾಗ, ಒಳಗಿನಿಂದ ಅರವತ್ತು ದಾಟಿದ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನನ್ನ ಕೈಯಲ್ಲಿದ್ದ ಕಡತವನ್ನು ನೋಡಿ, “ಸಾಲಿಗೆ ಬಂದೀರೇನ್ರಿ ಅಕ್ಕೋರ? ರೊಟ್ಟಿ ತೀರ್ಯಾವು. ಒಳಗ ಕುಂದರ್ರಿ, ಬಡದು ಕೊಡ್ತೀನಿ” ಎಂದರು.

ನನ್ನ ತಾಯಿಗಿಂತ ಹಿರಿಯರೊಬ್ಬರು ನನ್ನನ್ನು ಅಕ್ಕೋರು ಎಂದು ಕರೆದಾಗಲೇ ನನಗೆ ಆ ಪದದ ಅರ್ಥ ಸ್ಪಷ್ಟವಾದದ್ದು. ಅದು ವಯಸ್ಸಿನ ಮಾತಲ್ಲ, ಸಲಿಗೆಯ ಮಾತೂ ಅಲ್ಲ. ಮಕ್ಕಳಿಗೆ ಅಕ್ಷರ ಹೇಳಿಕೊಡುವ ಹೆಣ್ಣುಮಗಳಿಗೆ ಈ ಸೀಮೆ ಕೊಡುವ ಸ್ಥಾನ. ಮಕ್ಕಳು ಅದನ್ನೇ ಮಧ್ಯಾಹ್ನ ಕೊಟ್ಟಿದ್ದರು, ನನಗೆ ತೆಗೆದುಕೊಳ್ಳಲು ಬಂದಿರಲಿಲ್ಲ.

ಒಳಗೆ ಎಂದರೆ ಅಡುಗೆಮನೆಗೆ ಹೊಂದಿಕೊಂಡ ಸಣ್ಣ ಪಡಸಾಲೆ. ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಇಲ್ಲಿ ಆ ಜಾಗವನ್ನೇ ಕೊಡುತ್ತಾರೆ. ಹೊರಗಿನ ಬೆಂಚುಗಳಲ್ಲಿ ಕುಳಿತರೂ ಯಾರೂ ಬೇಡವೆನ್ನುವುದಿಲ್ಲ. ಅಲ್ಲಿಂದ ಒಲೆ ನೇರವಾಗಿ ಕಾಣುತ್ತದೆ. ಆರಿಸಿದ್ದ ಒಲೆಯನ್ನು ಅವರು ಮತ್ತೆ ಹೊತ್ತಿಸಿದರು. ನೀರು ಮರಳಿದ ಮೇಲೆ ಜೋಳದ ಹಿಟ್ಟಿನ ನಡುವೆ ಗುಳಿ ಮಾಡಿ ಅದರೊಳಗೆ ಹುಯ್ದು, ಮೊದಲು ಸೌಟಿನಿಂದ, ಕೈ ತಾಳುವಷ್ಟಾದ ಮೇಲೆ ಅಂಗೈಯ ಬುಡದಿಂದ ನಾದಿದರು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿವ ನೀರು ಹಿಟ್ಟಿನ ಗಂಜಿಯನ್ನು ಬೇಯಿಸಿ ಹಿಡಿತ ಕೊಡದಿದ್ದರೆ ರೊಟ್ಟಿ ತಟ್ಟುವಾಗಲೇ ಅಂಚು ಸೀಳುತ್ತದೆ ಎಂಬುದನ್ನು ಮುಂದೊಂದು ದಿನ ನಾನೇ ಪ್ರಯತ್ನಿಸಿ ಕಲಿತೆ. ಉಂಡೆಯನ್ನು ಹಲಗೆಯ ಮೇಲಿಟ್ಟು ಬಲಗೈಯಿಂದ ಬಡಿಯುತ್ತ ಎಡಗೈ ಬೆರಳ ತುದಿಯಲ್ಲಿ ತಿರುಗಿಸುತ್ತಿದ್ದರು. ಆ ಪಟಪಟ ಸದ್ದಿಗೆ ಒಂದು ಲಯವಿದೆ, ರೊಟ್ಟಿ ಅಗಲವಾದಷ್ಟೂ ಸದ್ದು ತೆಳುವಾಗುತ್ತದೆ. ಹಂಚಿಗೆ ಹಾಕಿ, ಮೇಲುಮುಖಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಮಗುಚಿ, ಕೊನೆಗೆ ಒಲೆಯ ಬಾಯಲ್ಲಿ ಕೆಂಡಕ್ಕೆ ಒಡ್ಡಿದಾಗ ಅದು ಪೂರಾ ಉಬ್ಬಿ ನಿಂತಿತು.

ಎರಡು ರೊಟ್ಟಿ, ತಳದಲ್ಲಿ ಉಳಿದಿದ್ದ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು, ಗುದ್ದಿ ಒಡೆದ ಒಂದು ಉಳ್ಳಾಗಡ್ಡಿ. ಇಷ್ಟೇ ಆ ರಾತ್ರಿಯ ತಾಟು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ ಬೆಳೆದ ನನಗೆ ರೊಟ್ಟಿಯನ್ನು ಎಷ್ಟು ದೊಡ್ಡ ತುಂಡಾಗಿ ಮುರಿಯಬೇಕೆಂಬುದೂ ಗೊತ್ತಿರಲಿಲ್ಲ. ಅವರು ಎದುರಿಗೆ ಕುಳಿತು ನೋಡುತ್ತಿದ್ದವರು, ಸಾಕು ಎನ್ನುವ ಮೊದಲೇ ಮೂರನೆಯದನ್ನು ಹಾಕಿದರು. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರೇ ಹೊರತು, ಯಾಕೆ ಇಷ್ಟು ಹೊತ್ತಾಯಿತು, ಯಾಕೆ ಮುಖ ಹೀಗಿದೆ ಎಂದು ಕೇಳಲಿಲ್ಲ. ಸೇವೆಯ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಎಷ್ಟು ಬೇಗ ಬಡಿಸಿದರು, ಎಷ್ಟು ನಗುತ್ತ ಮಾತನಾಡಿದರು ಎಂದು ಲೆಕ್ಕ ಹಾಕುತ್ತೇವೆ. ಏನನ್ನು ಕೇಳಬಾರದೆಂದು ಅರಿತಿರುವುದೂ ಸೇವೆಯ ಭಾಗವೆಂದು ನಾನು ತಿಳಿದದ್ದು ಅಲ್ಲಿ.

ಹಣ ಕೊಡಲು ಹೋದರೆ ನನ್ನ ಬಳಿ ಇದ್ದದ್ದು ಐನೂರರ ಒಂದೇ ನೋಟು, ಅವರ ಬಳಿ ಚಿಲ್ಲರೆ ಇರಲಿಲ್ಲ, ನನ್ನ ಮೊಬೈಲ್‌ನಲ್ಲಿ ಚಾರ್ಜ್ ಇರಲಿಲ್ಲ. ನೋಟನ್ನೇ ಇಟ್ಟುಕೊಳ್ಳಿ, ನಾಳೆ ಬಂದು ಉಳಿದದ್ದು ಪಡೆಯುತ್ತೇನೆ ಎಂದೆ. “ನಿಮ್ಮ ರೊಕ್ಕ ನಾ ಯಾಕ ಇಟ್ಕೊಳ್ಳಲಿ? ನಾಳಿ ಊಟಕ್ಕ ಬರ್ತೀರಲ್ಲ, ಆಗ ಕೊಡ್ರಿ” ಎಂದು, ಗಲ್ಲಾದ ಪಕ್ಕದ ಮೊಳೆಗೆ ತೂಗುಹಾಕಿದ್ದ ಉದ್ರಿ ಪುಸ್ತಕವನ್ನು ಹುಡುಗನ ಕೈಗೆ ಕೊಟ್ಟು ಬರೆಯಲು ಹೇಳಿದರು. ಅವನು ಹೆಸರು ಕೇಳಲಿಲ್ಲ. ‘ಹೊಸ ಅಕ್ಕೋರು, 1 ಊಟ, 70’ ಎಂದು ದುಂಡಗಿನ ಅಕ್ಷರದಲ್ಲಿ ಬರೆದ. ಆ ದಿನ ಮಸ್ಕಿಯಲ್ಲಿ ನನ್ನ ಬಗ್ಗೆ ಬರೆದ ಮೊದಲ ಸಾಲು ಅದು. ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬಂದದ್ದು ಮೂರನೆಯ ದಿನ.

ಇನ್ನು ಊಟದ ವಿಚಾರ. ಈ ಖಾನಾವಳಿಯ ಬಿಸಿ ರೊಟ್ಟಿಗೆ ಸಮನಾದದ್ದನ್ನು ನಾನು ಸಿಂಧನೂರಿನಲ್ಲಾಗಲಿ ಲಿಂಗಸುಗೂರಿನಲ್ಲಾಗಲಿ ತಿಂದಿಲ್ಲ. ಕಾರಣ ಹಿಟ್ಟಿನಲ್ಲಿದೆ. ಎರೆ ಭೂಮಿಯಲ್ಲಿ ಹಿಂಗಾರಿಗೆ ಬೆಳೆದ ಬಿಳಿಜೋಳವನ್ನು ಅವರು ಪರಿಚಯದ ರೈತರಿಂದ ಸುಗ್ಗಿಯಲ್ಲೇ ಕೊಂಡು ಇಟ್ಟುಕೊಳ್ಳುತ್ತಾರೆ. ಬೀಸಿಸುವುದು ಎರಡು ಮೂರು ದಿನಕ್ಕೆ ಆಗುವಷ್ಟನ್ನು ಮಾತ್ರ. ಹಿಟ್ಟು ಹಳೆಯದಾದಷ್ಟೂ ಕಹಿಯಾಗುತ್ತದೆ, ರೊಟ್ಟಿ ಉಬ್ಬುವುದಿಲ್ಲ. ಕಾಲುವೆ ನೀರು ಬಂದ ಕಡೆಯೆಲ್ಲ ಭತ್ತವೇ ಆಗಿರುವಾಗ ಒಳ್ಳೆಯ ಜೋಳ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ ಎಂದು ಅವರು ಆಗಾಗ ಹೇಳುವುದನ್ನು ಕೇಳಿದ್ದೇನೆ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಹೋದವರಿಗೆ ಹಂಚಿನಿಂದ ನೇರವಾಗಿ ತಾಟಿಗೆ ರೊಟ್ಟಿ ಬರುತ್ತದೆ. ಮೂರರ ನಂತರ ಹೋದರೆ ಕಡಕ್ ರೊಟ್ಟಿ.

ಪಲ್ಯಗಳಲ್ಲಿ ಎಣ್ಣೆಗಾಯಿ ಬದನೆಯನ್ನು ಎಲ್ಲರೂ ಹೊಗಳುತ್ತಾರೆ, ಅದು ಚೆನ್ನಾಗಿಯೇ ಇದೆ. ಆದರೆ ನನ್ನ ಮಟ್ಟಿಗೆ ಈ ಮನೆಯ ನಿಜವಾದ ಕೈಗುಣ ಕಾಣುವುದು ಪುಂಡಿ ಪಲ್ಯದಲ್ಲಿ. ಹುಳಿಯಾದ ಪುಂಡಿ ಸೊಪ್ಪನ್ನು ಬೇಳೆ ಮತ್ತು ಜೋಳದ ನುಚ್ಚಿನ ಜೊತೆ ಮೆತ್ತಗೆ ಬೇಯಿಸಿ, ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು ಒಗ್ಗರಣೆ ಕೊಡುತ್ತಾರೆ. ಒಗ್ಗರಣೆಯ ಎಣ್ಣೆ ಮೇಲೆ ತೇಲುತ್ತಿರುವಾಗಲೇ ಅದನ್ನು ರೊಟ್ಟಿಯ ಮೇಲೆ ಹಾಕಿಸಿಕೊಳ್ಳಬೇಕು. ಹಾಗೆ ತಿಂದ ಮೊದಲ ದಿನ, ಇದನ್ನು ನಮ್ಮಮ್ಮನಿಗೆ ಮಾಡಿ ತೋರಿಸಬೇಕು ಎಂದುಕೊಂಡೆ. ಮುಂದಿನ ರಜೆಯಲ್ಲಿ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮಳವಳ್ಳಿಯವರೆಗೆ ಒಯ್ದೆ. ಗುರೆಳ್ಳು ಹಿಂಡಿ ಇನ್ನೊಂದು ವಿಶೇಷ. ಹುಚ್ಚೆಳ್ಳು ಎಂದು ನಾವು ಕರೆಯುವ ಕಾಳೇ ಅದು, ಇಲ್ಲಿ ಒಣಮೆಣಸು, ಬೆಳ್ಳುಳ್ಳಿ ಹಾಕಿ ಕುಟ್ಟಿ ಪುಡಿ ಮಾಡುತ್ತಾರೆ. ಎಳ್ಳಮಾವಾಸ್ಯೆಯ ಹಿಂದೆಮುಂದೆ ನಾಲ್ಕಾರು ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಿಗುತ್ತದೆ. ಅನ್ನ, ಸಾರು ಇವೆ, ಕೇಳಿದರೆ ಮಾತ್ರ ಬರುತ್ತವೆ, ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ಊಟದ ಬೆಲೆ ನಾನು ಬಂದಾಗ ಎಪ್ಪತ್ತು ರೂಪಾಯಿ ಇತ್ತು, ಈಗ ಎಂಬತ್ತು. ರೊಟ್ಟಿಗೆ ಲೆಕ್ಕವಿಲ್ಲ. ತಿಂಗಳ ಊಟಕ್ಕೆ ಬರೆಸಿದರೆ ಇನ್ನೂ ಕಡಿಮೆ ಬೀಳುತ್ತದೆ, ಮತ್ತು ಊರಿಗೆ ಹೋದ ದಿನಗಳ ಹಣವನ್ನು ಅವರೇ ಲೆಕ್ಕ ಹಾಕಿ ಕಳೆಯುತ್ತಾರೆ. ನಾನು ಮರೆತ ಎರಡು ದಿನಗಳನ್ನು ಅವರು ನೆನಪಿಟ್ಟು ಕಳೆದದ್ದುಂಟು. ಶಾಲೆಗೆ ಡಬ್ಬಿ ಒಯ್ಯುವವರು ಬೆಳಗ್ಗೆ ಎಂಟರೊಳಗೆ ಡಬ್ಬಿ ಇಟ್ಟುಹೋದರೆ ಒಂಬತ್ತಕ್ಕೆ ಕಟ್ಟಿ ಇಟ್ಟಿರುತ್ತಾರೆ.

ಕೊರತೆಗಳಿಲ್ಲವೆಂದಲ್ಲ. ಕುಡಿಯುವ ನೀರು ಸವಳು; ಶುದ್ಧ ನೀರಿನ ಕ್ಯಾನ್ ತರಿಸುತ್ತಾರೆ, ಆದರೆ ಮಧ್ಯಾಹ್ನದ ಗದ್ದಲದಲ್ಲಿ ಅದು ಮುಗಿದರೆ ಮತ್ತೊಂದು ಬರಲು ಹೊತ್ತಾಗುತ್ತದೆ. ಹೀಗಾಗಿ ನಿಮ್ಮ ಬಾಟಲಿ ನಿಮ್ಮ ಬಳಿ ಇರಲಿ. ತಗಡಿನ ಸೂರಾದ್ದರಿಂದ ಮಾರ್ಚ್ ಕೊನೆಯಿಂದ ಮೇ ಮುಗಿಯುವವರೆಗೆ ಹೊರಗಿನ ಸಾಲಿನಲ್ಲಿ ಕುಳಿತು ಉಣ್ಣುವುದು ನಿಜಕ್ಕೂ ಕಷ್ಟ. ಎರಡು ಫ್ಯಾನುಗಳಿವೆ, ಬಿಸಿಗಾಳಿಯನ್ನೇ ಸುತ್ತಿಸುತ್ತವೆ. ಸೌದೆ ಒಲೆಯ ಹೊಗೆ ಪಡಸಾಲೆಗೂ ನುಗ್ಗುತ್ತದೆ, ಉಬ್ಬಸವಿರುವವರು ಬಾಗಿಲ ಬಳಿ ಕೂರುವುದು ಒಳ್ಳೆಯದು; ಆ ಹೊಗೆಯನ್ನು ದಿನವಿಡೀ ಕುಡಿಯುವ ಆ ತಾಯಿಯ ಕಣ್ಣುಗಳ ಬಗ್ಗೆ ನನಗೆ ಚಿಂತೆಯಿದೆ, ಒಂದು ಹೊಗೆಕೊಳವೆ ಹಾಕಿಸಿರೆಂದು ಹಲವು ಸಲ ಹೇಳಿದ್ದೇನೆ. ದಕ್ಷಿಣದ ಜಿಲ್ಲೆಗಳಿಂದ ಬಂದವರಿಗೆ ಮೊದಲ ವಾರ ಖಾರ ಹೆಚ್ಚೆನಿಸುತ್ತದೆ. ಕಡಿಮೆ ಮಾಡಿ ಎಂದರೆ ಪಲ್ಯದ ಖಾರ ಬದಲಾಗುವುದಿಲ್ಲ, ಮೊಸರು ಮಾತ್ರ ಎರಡು ಸೌಟು ಹೆಚ್ಚು ಬರುತ್ತದೆ. ಕೈತೊಳೆಯುವ ಜಾಗವನ್ನು ಇನ್ನಷ್ಟು ಸ್ವಚ್ಛವಾಗಿಡಬಹುದು.

ಇವೆಲ್ಲ ಗೊತ್ತಿದ್ದೂ ನಾನು ಅಲ್ಲಿಗೇ ಹೋಗುತ್ತೇನೆ. ನನಗೆ ಕೋಣೆ ಸಿಕ್ಕಿದ್ದೂ ಅಲ್ಲಿಂದಲೇ. ಎರಡನೆಯ ರಾತ್ರಿ ಊಟಕ್ಕೆ ಹೋದಾಗ, ಅದೇ ಓಣಿಯ ವಿಧವೆಯೊಬ್ಬರ ಮನೆಯ ಮೇಲಿನ ಖೋಲಿ ಖಾಲಿಯಿದೆ ಎಂದು ಹೇಳಿ ಹುಡುಗನನ್ನು ಜೊತೆಗೆ ಕಳುಹಿಸಿದ್ದರು. ಇಲ್ಲಿನ ಮಾತನ್ನು ಕಲಿತದ್ದೂ ಆ ಪಡಸಾಲೆಯಲ್ಲೇ. ತರಗತಿಯಲ್ಲಿ ತಿಳಿಯದ ಪದಗಳನ್ನು ನೋಟ್‌ಬುಕ್‌ನ ಹಿಂಬದಿಯಲ್ಲಿ ಬರೆದುಕೊಂಡು ಬಂದು, ರೊಟ್ಟಿ ಬೇಯುವ ಹೊತ್ತಿನಲ್ಲಿ ಒಂದೊಂದಾಗಿ ಕೇಳುತ್ತಿದ್ದೆ. ‘ಹೊಳ್ಳಿ’ ಎಂದರೆ ಏನು ಎಂದು ಕೇಳಿದ ದಿನ ಅವರು ಬಾಯಿಂದ ಹೇಳದೆ, ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿ, “ಇದs ನೋಡ್ರಿ” ಎಂದರು. ಮರುದಿನ ಮಕ್ಕಳಿಗೆ “ಹೊಳ್ಳಿ ಓದ್ರಿ” ಎಂದೆ. ಯಾರೂ ನಗಲಿಲ್ಲ, ಎಲ್ಲರೂ ಹಿಂದಿನ ಪುಟ ತಿರುಗಿಸಿ ಮತ್ತೆ ಮೊದಲಿನಿಂದ ಓದತೊಡಗಿದರು.

ಮಧ್ಯಾಹ್ನ ಹನ್ನೆರಡೂವರೆಯಿಂದ ನಾಲ್ಕರವರೆಗೆ, ರಾತ್ರಿ ಏಳರಿಂದ ಎಂಟೂವರೆಯವರೆಗೆ ಊಟ ಸಿಗುತ್ತದೆ. ಭಾನುವಾರ ರಾತ್ರಿ ಮುಚ್ಚಿರುತ್ತದೆ. ರಾತ್ರಿ ಬಸ್ಸಿಗೆ ಬರುವವರು ಅಥವಾ ತರಬೇತಿ, ಸಭೆಗಳೆಂದು ಜಿಲ್ಲಾ ಕೇಂದ್ರಕ್ಕೆ ಹೋಗಿ ತಡವಾಗಿ ಮರಳುವವರು ಮಧ್ಯಾಹ್ನವೇ ಒಂದು ಮಾತು ಹೇಳಿಹೋಗಬೇಕು. ಹಾಗೆ ಹೇಳಿಹೋದವರ ಪಾಲಿನ ಹಿಟ್ಟನ್ನು ಅವರು ಸಣ್ಣ ಬುಟ್ಟಿಯಲ್ಲಿ ಬೇರೆ ತೆಗೆದಿಟ್ಟು, ಮೇಲೊಂದು ತಾಟು ಮುಚ್ಚಿ, ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಿರುತ್ತಾರೆ.